ಕ್ರೀಡಾ ಕುದುರೆಗಳ ಅಂಗಚಿಕಿತ್ಸೆ: ರೈತರ ಮಕ್ಕಳಿಗೆ ತರಬೇತಿಯ ದಾರಿ

(ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳ ರೈತರಿಗಾಗಿ ಮಾಡಿದ ಭಾಷಣದ ಪಾಠ)



ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ಮಳೆಯನ್ನೇ ನಂಬಿದ ತಾಲ್ಲೂಕುಗಳು. ಕಡಲೆಕಾಯಿ ಬಳ್ಳಿ ಒಣಗಿದ ವರ್ಷ ಸಂಸಾರವನ್ನು ಹಿಡಿದು ನಿಲ್ಲಿಸುವುದು ಕೊಟ್ಟಿಗೆಯ ದನ ಮತ್ತು ರೊಪ್ಪದ ಕುರಿ. ಆದ್ದರಿಂದ ಈ ಸೀಮೆಯ ಹುಡುಗರು ಚಿಕ್ಕಂದಿನಿಂದಲೇ ಪ್ರಾಣಿಗಳ ಜೊತೆ ಬೆಳೆಯುತ್ತಾರೆ. ಎತ್ತು ಮೇವು ಬಿಟ್ಟರೆ, ಹೆಜ್ಜೆ ತಪ್ಪಿದರೆ, ಕಿವಿ ಇಳಿಬಿಟ್ಟರೆ ಅದರ ಅರ್ಥವೇನೆಂದು ಇವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಎಸ್.ಎಸ್.ಎಲ್.ಸಿ. ಅಥವಾ ಪಿ.ಯು.ಸಿ. ಮುಗಿದ ಮೇಲೆ ಇದೇ ಹುಡುಗರು ಬೆಂಗಳೂರಿನ ಬಸ್ಸು ಹತ್ತಿ ಕಾವಲುಗಾರರಾಗಿಯೋ, ಕಾರ್ಖಾನೆಯ ದಿನಗೂಲಿಗಳಾಗಿಯೋ ಸೇರುವುದುಂಟು. ಪ್ರಾಣಿಯ ಮೈ ಬಲ್ಲ ತಿಳಿವಳಿಕೆ ಅಲ್ಲಿಗೆ ವ್ಯರ್ಥವಾಗುತ್ತದೆ.

ಈ ತಿಳಿವಳಿಕೆಗೆ ಬೆಲೆ ಇರುವ ಒಂದು ಹೊಸ ಕಸುಬಿನ ಬಗ್ಗೆ ಇತ್ತೀಚೆಗೆ ಹೆಚ್ಚು ಕೇಳಿಬರುತ್ತಿದೆ. ಅದೇ ಕ್ರೀಡಾ ಕುದುರೆಗಳ ಅಂಗಚಿಕಿತ್ಸೆ. ಓಟದ ಕುದುರೆ ಮತ್ತು ಸವಾರಿ ಸ್ಪರ್ಧೆಯ ಕುದುರೆಗಳ ಸ್ನಾಯು, ಕೀಲು, ಕಾಲುಗಳನ್ನು ಸುಸ್ಥಿತಿಯಲ್ಲಿಡುವುದು, ಪೆಟ್ಟಾದ ಮೇಲೆ ಮತ್ತೆ ಕೆಲಸಕ್ಕೆ ತರುವುದು ಈ ಕಸುಬಿನವರ ಕೆಲಸ. ಇದಕ್ಕೆ ಬೇಕಾದ ತರಬೇತಿ ಯಾವುದು, ಅದನ್ನು ಯಾರು ಪಡೆಯಬಹುದು, ಎಲ್ಲಿ ಮೋಸ ಹೋಗುವ ಸಂಭವವಿದೆ, ಕುದುರೆಯೇ ಇಲ್ಲದ ಹಳ್ಳಿಯಲ್ಲಿ ಈ ವಿದ್ಯೆಯಿಂದ ಏನು ಉಪಯೋಗ ಎಂಬುದನ್ನು ರೈತರು ತಿಳಿದಿರುವುದು ಒಳ್ಳೆಯದು.

ಕುದುರೆಗೂ ಈ ಸೀಮೆಗೂ ಇರುವ ನಂಟು

ಕುದುರೆ ಈ ಸೀಮೆಗೆ ಹೊಸದೇನಲ್ಲ. 1687ರಲ್ಲಿ ಮೊಗಲರು ಶಿರಾವನ್ನು ತಮ್ಮ ಸುಬಾದ ಮುಖ್ಯ ಸ್ಥಳವನ್ನಾಗಿ ಮಾಡಿಕೊಂಡರು. 1761ರಲ್ಲಿ ಅದು ಹೈದರಾಲಿಯ ವಶವಾಯಿತು. ಆ ಕಾಲದ ಯುದ್ಧಗಳೆಲ್ಲ ಕುದುರೆ ದಂಡಿನ ಯುದ್ಧಗಳು. ಇದೇ ಜಿಲ್ಲೆಯ ಕುಣಿಗಲ್‌ನಲ್ಲಿ ಟಿಪ್ಪು ಸುಲ್ತಾನನ ಕಾಲದಲ್ಲಿ, ಸುಮಾರು 1790ರಲ್ಲಿ, ಸೈನ್ಯದ ಕುದುರೆಗಳಿಗಾಗಿ ಆರಂಭವಾದ ಸಾಕಣೆ ಕೇಂದ್ರ ಮುಂದೆ ಓಟದ ಕುದುರೆಗಳ ತಳಿ ಬೆಳೆಸುವುದರಲ್ಲಿ ದೇಶಕ್ಕೇ ಹೆಸರಾಯಿತು. 1992ರಲ್ಲಿ ಅದನ್ನು ಖಾಸಗಿಯವರಿಗೆ ಗುತ್ತಿಗೆಗೆ ಕೊಡಲಾಯಿತು. ಕುದುರೆಯ ದಾಣಿಯಾದ ಹುರುಳಿ ಇಂದಿಗೂ ಈ ಕೆಂಪು ನೆಲದ ಬೆಳೆಯೇ. ಬಸ್ಸು ಮತ್ತು ಆಟೋ ಹೆಚ್ಚುವವರೆಗೆ ಊರೂರಿನ ಪೇಟೆ ಬೀದಿಗಳಲ್ಲಿ ಜಟಕಾ ಗಾಡಿಗಳು ಓಡುತ್ತಿದ್ದವು.

ಜಟಕಾ ಹೋದ ಮೇಲೆ ಕುದುರೆ ಈ ತಾಲ್ಲೂಕುಗಳಿಂದ ಬಹುಮಟ್ಟಿಗೆ ಮರೆಯಾಯಿತು. ಈಗ ಕುದುರೆಯ ಕೆಲಸ ಇರುವುದು ಬೆಂಗಳೂರು ಮತ್ತು ಮೈಸೂರಿನಲ್ಲಿ. ಮೈಸೂರಿನ ರೇಸ್ ಕ್ಲಬ್ 1891ರಷ್ಟು ಹಳೆಯದು. ಬೆಂಗಳೂರಿನ ಸುತ್ತ ಸವಾರಿ ಶಾಲೆಗಳೂ ಇವೆ. ಬೆಂಗಳೂರಿನ ಸವಾರ ಫವಾದ್ ಮಿರ್ಜಾ 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಎರಡು ಬೆಳ್ಳಿ ಪದಕ ಗಳಿಸಿದರು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ 23ನೆಯ ಸ್ಥಾನ ಪಡೆದರು. ಅವರ ತಂದೆ ಕುದುರೆಗಳ ಪಶುವೈದ್ಯರೆಂಬುದು ಇಲ್ಲಿ ಗಮನಿಸತಕ್ಕ ವಿಷಯ. 2023ರ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತದ ತಂಡ ಕುದುರೆ ಸವಾರಿಯ ಡ್ರೆಸಾಜ್ ವಿಭಾಗದಲ್ಲಿ ಚಿನ್ನ ಗೆದ್ದಿತು. ಕುದುರೆ ಸವಾರಿಯಲ್ಲಿ ದೇಶಕ್ಕೆ ಏಷ್ಯನ್ ಚಿನ್ನ ಸಿಕ್ಕಿದ್ದು 41 ವರ್ಷಗಳ ನಂತರ. ಪದಕ ಸವಾರನ ಕೊರಳಿಗೆ ಬೀಳುತ್ತದೆ. ಆದರೆ ಅದರ ಹಿಂದೆ ಲಾಯದ ಆಳು, ಲಾಳ ಕಟ್ಟುವವನು, ಪಶುವೈದ್ಯ, ಅಂಗಚಿಕಿತ್ಸಕ ಇವರೆಲ್ಲರ ದುಡಿಮೆ ಇರುತ್ತದೆ.

ಕಾಲಿನ ರಚನೆ ತಿಳಿಯದೆ ಕೈ ಹಾಕಬಾರದು

ಈ ಕಸುಬಿನ ಮೊದಲ ಪಾಠ ಕುದುರೆಯ ಕಾಲು. ಸುಮಾರು 450ರಿಂದ 500 ಕಿಲೋ ತೂಗುವ ಓಟದ ಕುದುರೆ ಗಂಟೆಗೆ 60 ಕಿಲೋಮೀಟರಿಗೂ ಹೆಚ್ಚಿನ ವೇಗದಲ್ಲಿ ಓಡಬಲ್ಲದು. ನಿಂತಿರುವಾಗ ಈ ಭಾರದ ಶೇಕಡಾ 60ರಷ್ಟು ಮುಂಗಾಲುಗಳ ಮೇಲೆಯೇ ಬೀಳುತ್ತದೆ. ಮುಂಗಾಲಿನ ಮೊಣಕಾಲಿನಿಂದ ಕೆಳಗೆ, ಹಿಂಗಾಲಿನ ದೊಡ್ಡ ಕೀಲಿನಿಂದ ಕೆಳಗೆ ಮಾಂಸಖಂಡ ಎಂಬುದು ಇಲ್ಲವೆಂದೇ ಹೇಳಬಹುದು. ಅಲ್ಲಿರುವುದು ಮೂಳೆ, ಮೂಳೆಗಳನ್ನು ಕಟ್ಟಿದ ನಾರು ಮತ್ತು ಸ್ನಾಯುರಜ್ಜು. ಸ್ನಾಯುರಜ್ಜು ಎಂದರೆ ಮೇಲಿನ ಮಾಂಸಖಂಡದ ಎಳೆತವನ್ನು ಗೊರಸಿನವರೆಗೆ ಮುಟ್ಟಿಸುವ ಗಟ್ಟಿ ಹಗ್ಗ. ಕಪಿಲೆ ಬಾವಿಯಲ್ಲಿ ಎತ್ತು ಮೇಲೆ ಎಳೆದರೆ ಹಗ್ಗದ ತುದಿಯ ಬಾನಿ ಏಳುವಂತೆ, ಭುಜದ ಕೆಳಗಿನ ಮಾಂಸ ಎಳೆದಾಗ ಗೊರಸು ಏಳುತ್ತದೆ.

ಕುದುರೆ ವೇಗವಾಗಿ ಓಡುವಾಗ ಈ ಹಗ್ಗ ಹಿಗ್ಗಿ ಕುಗ್ಗಿ ಒಳಗೊಳಗೇ ಬಿಸಿಯಾಗುತ್ತದೆ. ಅದರಲ್ಲಿ ರಕ್ತದ ಓಡಾಟ ಕಡಿಮೆ. ಆದ್ದರಿಂದ ಒಮ್ಮೆ ಎಳೆಗಳು ಹರಿದರೆ ಬೇಗ ಕೂಡಿಕೊಳ್ಳುವುದಿಲ್ಲ. ಕೂಡಿಕೊಂಡ ಜಾಗವೂ ಮೊದಲಿನಷ್ಟು ಬಳುಕುವುದಿಲ್ಲ. ಸ್ನಾಯುರಜ್ಜಿಗೆ ಬಲವಾದ ಪೆಟ್ಟಾದ ಕುದುರೆಯನ್ನು ಮತ್ತೆ ಓಟಕ್ಕೆ ತರಲು 9ರಿಂದ 12 ತಿಂಗಳು ಬೇಕಾಗಬಹುದು. ಬಾವು ಇಳಿಯಿತು, ಕುಂಟು ನಿಂತಿತು ಎಂದು ಎರಡನೆಯ ತಿಂಗಳಿನಲ್ಲೇ ಓಡಿಸಿದರೆ ಅದೇ ಜಾಗ ಮತ್ತೆ ಹರಿಯುತ್ತದೆ. ಈ ಒಂದು ವಿಷಯವನ್ನು ಮನಸ್ಸಿಟ್ಟು ಕಲಿತವನು ಅನೇಕ ಕುದುರೆಗಳನ್ನು ಉಳಿಸುತ್ತಾನೆ.

ಮೊದಲು ಕಣ್ಣು, ಆಮೇಲೆ ಕೈ

ಅಂಗಚಿಕಿತ್ಸೆ ಎಂದರೆ ಎಣ್ಣೆ ಹಚ್ಚಿ ಉಜ್ಜುವುದು ಎಂಬ ತಪ್ಪು ಕಲ್ಪನೆ ಇದೆ. ಉಜ್ಜುವುದು ಕಡೆಯ ಕೆಲಸ. ಮೊದಲು ಕಲಿಯಬೇಕಾದದ್ದು ನೋಡುವುದು. ಒಳ್ಳೆಯ ಲಾಯದಲ್ಲಿ ಹೊಸಬರಿಗೆ ತಿಂಗಳುಗಟ್ಟಲೆ ಈ ಕೆಳಗಿನ ಕೆಲಸಗಳನ್ನೇ ಕೊಡಲಾಗುತ್ತದೆ.

1. ಬೆಳಿಗ್ಗೆ ಕುದುರೆಯನ್ನು ಲಾಯದಿಂದ ಬಿಡುವ ಮೊದಲೇ ಉಷ್ಣಾಂಶ, ನಾಡಿ, ಉಸಿರು ಎಣಿಸಿ ಬರೆದಿಡುವುದು. ಆರೋಗ್ಯವಂತ ಕುದುರೆಯ ಉಷ್ಣಾಂಶ 99ರಿಂದ 101 ಡಿಗ್ರಿ ಫ್ಯಾರನ್‌ಹೀಟ್. ವಿಶ್ರಾಂತಿಯಲ್ಲಿರುವಾಗ ನಾಡಿ ನಿಮಿಷಕ್ಕೆ 28ರಿಂದ 44. ಉಸಿರು 8ರಿಂದ 16. ನಾಡಿಯನ್ನು ದವಡೆಯ ಕೆಳ ಅಂಚಿನಲ್ಲಿ ಬೆರಳಿಟ್ಟು ನೋಡಬೇಕು.

2. ನಾಲ್ಕು ಕಾಲುಗಳನ್ನೂ ಮೇಲಿನಿಂದ ಕೆಳಕ್ಕೆ ಅಂಗೈಯಿಂದ ಸವರಿ ನೋಡುವುದು. ಒಂದು ಕಾಲಿಗಿಂತ ಇನ್ನೊಂದು ಕಾಲು ಬಿಸಿಯಾಗಿದೆಯೇ, ಎಲ್ಲಾದರೂ ಊದಿದೆಯೇ, ಒತ್ತಿದರೆ ಕಾಲು ಸೆಳೆದುಕೊಳ್ಳುತ್ತದೆಯೇ ಎಂದು ಗುರುತಿಸುವುದು. ಗೊರಸಿನ ಮೇಲಿನ ಕುಣಿಕೆಯಲ್ಲಿ ನಾಡಿ ಬಲವಾಗಿ ಹೊಡೆಯುತ್ತಿದ್ದರೆ ಗೊರಸಿನ ಒಳಗೆ ಉರಿಯೂತ ಇರಬಹುದು.

3. ಗೊರಸನ್ನು ಎತ್ತಿ ಶುಚಿ ಮಾಡಿ ಮೊಳೆ, ಕಲ್ಲು, ಕೊಳೆತ ಇದೆಯೇ ಎಂದು ನೋಡುವುದು. ಲಾಳವನ್ನು ಸಾಮಾನ್ಯವಾಗಿ 4ರಿಂದ 6 ವಾರಗಳಿಗೊಮ್ಮೆ ಬಿಚ್ಚಿ, ಬೆಳೆದ ಗೊರಸನ್ನು ಕೆತ್ತಿ ಮತ್ತೆ ಕಟ್ಟಿಸಬೇಕು.

4. ಕುದುರೆಯನ್ನು ಗಟ್ಟಿ ನೆಲದ ಮೇಲೆ ನೇರವಾಗಿ ನಡೆಸಿ, ಆಮೇಲೆ ನಿಧಾನವಾಗಿ ಓಡಿಸಿ ಎದುರಿನಿಂದಲೂ ಹಿಂದಿನಿಂದಲೂ ನೋಡುವುದು. ಮುಂಗಾಲು ನೋಯುತ್ತಿದ್ದರೆ ಆ ಕಾಲು ನೆಲ ಮುಟ್ಟಿದಾಗ ತಲೆ ಮೇಲಕ್ಕೆ ಹೋಗುತ್ತದೆ. ಒಳ್ಳೆಯ ಕಾಲು ಊರಿದಾಗ ತಲೆ ಕೆಳಗೆ ಬರುತ್ತದೆ.

ಈ ನಾಲ್ಕನ್ನೂ ದಿನವೂ ಒಂದೇ ಪುಸ್ತಕದಲ್ಲಿ ಬರೆದಿಡಬೇಕು. ಒಂದು ದಿನದ ಲೆಕ್ಕದಿಂದ ಏನೂ ತಿಳಿಯುವುದಿಲ್ಲ. ಮೂವತ್ತು ದಿನದ ಲೆಕ್ಕವಿದ್ದರೆ ಮೂವತ್ತೊಂದನೆಯ ದಿನದ ವ್ಯತ್ಯಾಸ ತಾನಾಗಿ ಕಣ್ಣಿಗೆ ಬೀಳುತ್ತದೆ. ಆರೋಗ್ಯವಾಗಿರುವ ಕಾಲನ್ನು ನೂರು ಸಲ ಮುಟ್ಟದವನಿಗೆ ನೋವಿನ ಕಾಲು ಗೊತ್ತಾಗುವುದಿಲ್ಲ.

ಕೈ ಮಾಡುವ ಕೆಲಸ

ಪಶುವೈದ್ಯರು ಪರೀಕ್ಷೆ ಮಾಡಿ, ಇಂಥ ಕಡೆ ಇಂಥ ಪೆಟ್ಟು ಎಂದು ಹೇಳಿದ ಮೇಲೆ ಅಂಗಚಿಕಿತ್ಸಕನ ಕೆಲಸ ಆರಂಭವಾಗುತ್ತದೆ. ಸ್ನಾಯು ಅಥವಾ ರಜ್ಜಿಗೆ ಪೆಟ್ಟಾದ ಮೊದಲ 48 ಗಂಟೆಗಳಲ್ಲಿ ತಂಪು ಮುಖ್ಯ. ತಣ್ಣೀರಿನ ಧಾರೆಯನ್ನಾಗಲಿ, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನಾಗಲಿ ಒಂದು ಸಲಕ್ಕೆ 15ರಿಂದ 20 ನಿಮಿಷದಂತೆ ದಿನಕ್ಕೆ ಹಲವು ಸಲ ಕೊಡಲಾಗುತ್ತದೆ. ಮಂಜುಗಡ್ಡೆಯನ್ನು ನೇರವಾಗಿ ಚರ್ಮಕ್ಕೆ ತಾಗಿಸಬಾರದು. ಈ ಹಂತದಲ್ಲಿ ಬಿಸಿ ಶಾಖವನ್ನಾಗಲಿ, ಬಲವಾಗಿ ಉಜ್ಜುವುದನ್ನಾಗಲಿ ಮಾಡಿದರೆ ಬಾವು ಹೆಚ್ಚುತ್ತದೆ. ಕಾಲಿಗೆ ಪಟ್ಟಿ ಸುತ್ತುವಾಗ ಒತ್ತಡ ಎಲ್ಲ ಕಡೆಯೂ ಸಮನಾಗಿರಬೇಕು. ಒಂದು ಸುತ್ತು ಬಿಗಿಯಾಗಿ, ಇನ್ನೊಂದು ಸಡಿಲವಾಗಿ ಸುತ್ತಿದ ಪಟ್ಟಿಯಿಂದಲೇ ಸ್ನಾಯುರಜ್ಜಿಗೆ ಪೆಟ್ಟಾಗುವುದುಂಟು.

ಉರಿಯೂತ ಇಳಿದ ಮೇಲೆ ನಡಿಗೆ. ಹಗ್ಗ ಹಿಡಿದು ಕುದುರೆಯನ್ನು ಮೊದಲು ಕೆಲವೇ ನಿಮಿಷ ನಡೆಸಿ, ವಾರದಿಂದ ವಾರಕ್ಕೆ ಸ್ವಲ್ಪ ಸ್ವಲ್ಪವೇ ಹೆಚ್ಚಿಸಲಾಗುತ್ತದೆ. ನೆಲದ ಮೇಲೆ ಗಳುಗಳನ್ನಿಟ್ಟು ದಾಟಿಸುವುದು, ನೀರಿನಲ್ಲಿ ನಡೆಸುವುದು ಅಥವಾ ಈಜಿಸುವುದು ಮುಂದಿನ ಹಂತಗಳು. ಎಷ್ಟು ದಿನಕ್ಕೆ ಯಾವ ಹಂತ ಎಂಬುದನ್ನು ಪಶುವೈದ್ಯರು ಸ್ಕ್ಯಾನ್ ಯಂತ್ರದಿಂದ ರಜ್ಜನ್ನು ನೋಡಿ ತೀರ್ಮಾನಿಸುತ್ತಾರೆ. ಅಲ್ಟ್ರಾಸೌಂಡ್, ಲೇಸರ್, ವಿದ್ಯುತ್ ಸ್ಪಂದನದ ಉಪಕರಣಗಳೂ ಬಳಕೆಯಲ್ಲಿವೆ. ಇವೆಲ್ಲ ನಡಿಗೆಗೆ ಸಹಾಯಕವೇ ಹೊರತು ನಡಿಗೆಗೆ ಬದಲಿಯಲ್ಲ.

ಕತ್ತು, ಭುಜ, ಬೆನ್ನಿನ ಇಕ್ಕೆಲ ಮತ್ತು ತೊಡೆಯ ದಪ್ಪ ಮಾಂಸಖಂಡಗಳಿಗೆ ಅಂಗಮರ್ದನ ಉಪಯುಕ್ತ. ಮೊದಲು ಹಗುರವಾಗಿ ನೀವಿ, ಕುದುರೆ ಒಪ್ಪಿದ ಮೇಲೆ ಒತ್ತಡ ಹೆಚ್ಚಿಸಿ, ಕೊನೆಗೆ ಮತ್ತೆ ಹಗುರವಾಗಿ ನೀವಿ ಮುಗಿಸಬೇಕು. ಕೈ ಸಾಮಾನ್ಯವಾಗಿ ಹೃದಯದ ಕಡೆಗೆ ಸಾಗಬೇಕು. ಬೆನ್ನೆಲುಬಿನ ಮೇಲೆ ಒತ್ತಬಾರದು. ಕೆಲಸಗಾರ ಕುದುರೆಯ ಭುಜದ ಬಳಿ ನಿಲ್ಲಬೇಕು. ಮಾತನಾಡಿಸದೆ ಹಿಂದಿನಿಂದ ಹೋಗಬಾರದು. ಕುದುರೆ ಕಿವಿಯನ್ನು ಹಿಂದಕ್ಕೆ ಮಡಚಿದರೆ, ಬಾಲ ಬೀಸಿದರೆ, ಹಲ್ಲು ತೋರಿದರೆ ಕೈ ತೆಗೆಯಬೇಕೆಂದು ಅದು ಹೇಳುತ್ತಿದೆ ಎಂದು ತಿಳಿಯಬೇಕು. ಕೆಳದುಟಿ ಜೋತುಬಿದ್ದು ಕಣ್ಣು ಅರೆಮುಚ್ಚಿದರೆ ಕೈ ಸರಿಯಾದ ಜಾಗದಲ್ಲಿದೆ ಎಂದು ಅರ್ಥ.

ಕೈ ಹಾಕಲೇಬಾರದ ಸಂದರ್ಭಗಳು

ಕೈ ಕೆಲಸ ಕಲಿತವನು ಕೈ ತಡೆಯುವುದನ್ನೂ ಕಲಿಯಬೇಕು. ತರಬೇತಿಯಲ್ಲಿ ಅತಿ ಮುಖ್ಯವಾದ ಭಾಗ ಇದೇ. ಮೈ ಬಿಗಿದ ಕುದುರೆಗಳೆಲ್ಲ ಆಯಾಸದಿಂದ ಬಿಗಿದವಲ್ಲ.

ಒಂದೆರಡು ದಿನ ಕೆಲಸವಿಲ್ಲದೆ ನಿಂತು ಪೂರ್ತಿ ದಾಣಿ ತಿಂದ ಕುದುರೆಯನ್ನು ಮರುದಿನ ಓಡಿಸಿದಾಗ ತೊಡೆಯ ಮಾಂಸ ಕಲ್ಲಿನಂತಾಗಿ, ಬೆವರಿ, ಹೆಜ್ಜೆ ಇಡಲಾರದೆ ನಿಂತುಬಿಡುತ್ತದೆ. ಮೂತ್ರ ಕಪ್ಪು ಕಾಫಿ ಬಣ್ಣಕ್ಕೆ ತಿರುಗಬಹುದು. ಇಲ್ಲಿ ಮಾಂಸದ ಎಳೆಗಳೇ ಒಡೆದು ರಕ್ತಕ್ಕೆ ಸೇರಿ ಮೂತ್ರಪಿಂಡಕ್ಕೆ ಅಪಾಯ ತರುತ್ತಿರುತ್ತವೆ. ಉಜ್ಜುವುದು, ಬಲವಂತವಾಗಿ ನಡೆಸುವುದು ಎರಡೂ ತಪ್ಪು. ಕುದುರೆಯನ್ನು ನಿಂತಲ್ಲೇ ನಿಲ್ಲಿಸಿ ವೈದ್ಯರನ್ನು ಕರೆಯಬೇಕು.

ಮೊಳೆ ಚುಚ್ಚಿದ ಗಾಯದ ನಂತರ ದವಡೆ ಕಚ್ಚಿಕೊಂಡು, ಕತ್ತು ಸೆಟೆದು, ಬಾಲ ನಿಗುರಿದ್ದರೆ ಅದು ಧನುರ್ವಾಯು. ಪ್ರಾಣಿಗಳಲ್ಲೆಲ್ಲ ಕುದುರೆಗೆ ಈ ರೋಗದ ಭಯ ಹೆಚ್ಚು. ಮುಟ್ಟಿದಷ್ಟೂ ಸೆಳೆತ ಹೆಚ್ಚುತ್ತದೆ. ಲಸಿಕೆಯೊಂದೇ ಇದಕ್ಕೆ ಸರಿಯಾದ ರಕ್ಷಣೆ.

ದಾಣಿ ಚೀಲಕ್ಕೆ ಬಾಯಿ ಹಾಕಿ ಅತಿಯಾಗಿ ತಿಂದ ಕುದುರೆ ಮುಂಗಾಲು ಚಾಚಿ, ಭಾರವನ್ನು ಹಿಂದಕ್ಕೆ ಹಾಕಿ ನಿಂತರೆ ಗೊರಸಿನ ಒಳಪದರದ ಉರಿಯೂತ ಎಂದು ಶಂಕಿಸಬೇಕು. ಇಲ್ಲಿಯೂ ನಡೆಸಬಾರದು.

ಮೂಗಿನಿಂದ ಅಂಟು ಸಿಂಬಳ, ಚರ್ಮದ ಮೇಲೆ ಸಾಲಾಗಿ ಗಂಟು ಮತ್ತು ಹುಣ್ಣು ಕಂಡರೆ ಗ್ಲ್ಯಾಂಡರ್ಸ್ ರೋಗ ಇರಬಹುದು. ಇದು ಮನುಷ್ಯರಿಗೂ ಹರಡಿ ಪ್ರಾಣ ತೆಗೆಯಬಲ್ಲದು. 2009ರ ಪ್ರಾಣಿಗಳ ಸಾಂಕ್ರಾಮಿಕ ರೋಗ ನಿಯಂತ್ರಣ ಕಾಯ್ದೆಯಂತೆ ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗಗಳಲ್ಲಿ ಇದೂ ಒಂದು.

ಈ ಕಾರಣಗಳಿಂದಲೇ ಮೊದಲು ಪಶುವೈದ್ಯ, ಆಮೇಲೆ ಅಂಗಚಿಕಿತ್ಸಕ ಎಂಬ ಕ್ರಮವನ್ನು ಎಲ್ಲ ದೇಶಗಳ ಒಳ್ಳೆಯ ಕೆಲಸಗಾರರೂ ಪಾಲಿಸುತ್ತಾರೆ.

ಕಾನೂನು ಏನು ಹೇಳುತ್ತದೆ

ನಮ್ಮ ದೇಶದಲ್ಲಿ ಪಶುವೈದ್ಯ ವೃತ್ತಿಗೆ 1984ರ ಭಾರತೀಯ ಪಶುವೈದ್ಯ ಪರಿಷತ್ ಕಾಯ್ದೆ ಅನ್ವಯಿಸುತ್ತದೆ. ರೋಗ ಇಂಥದೆಂದು ನಿರ್ಧರಿಸಿ ಔಷಧ ಬರೆಯುವ ಅಧಿಕಾರ ನೋಂದಾಯಿತ ಪಶುವೈದ್ಯರಿಗೆ ಮಾತ್ರ. ಡಿಪ್ಲೊಮಾ ಅಥವಾ ಸರ್ಟಿಫಿಕೇಟ್ ಪಡೆದವರು ರಾಜ್ಯ ಸರ್ಕಾರ ಸೂಚಿಸಿದ ಸಣ್ಣಪುಟ್ಟ ಸೇವೆಗಳನ್ನು ನೋಂದಾಯಿತ ವೈದ್ಯರ ಮೇಲ್ವಿಚಾರಣೆಯಲ್ಲಿ ಮಾಡಬಹುದು. ಕುದುರೆಯ ಅಂಗಚಿಕಿತ್ಸಕ ಎಂಬ ಪ್ರತ್ಯೇಕ ವರ್ಗ ಈ ಕಾಯ್ದೆಯಲ್ಲಿಲ್ಲ. ಆದ್ದರಿಂದ ಯಾವುದೇ ಸಂಸ್ಥೆಯ ಸರ್ಟಿಫಿಕೇಟ್ ಗೋಡೆಗೆ ತೂಗುಹಾಕಿದ ಮಾತ್ರಕ್ಕೆ ಸ್ವತಂತ್ರವಾಗಿ ಚಿಕಿತ್ಸೆ ಮಾಡುವ ಹಕ್ಕು ಬರುವುದಿಲ್ಲ.

ಬ್ರಿಟನ್ನಿನಲ್ಲಿಯೂ 1966ರ ಪಶುವೈದ್ಯರ ಕಾಯ್ದೆಯ ಚೌಕಟ್ಟಿನಲ್ಲಿ, ವೈದ್ಯರು ನೋಡಿ ಒಪ್ಪಿದ ಮೇಲೆಯೇ ಫಿಸಿಯೋಥೆರಪಿಯವರು ಪ್ರಾಣಿಗೆ ಚಿಕಿತ್ಸೆ ಕೊಡುತ್ತಾರೆ. ಅಲ್ಲಿ ಅನೇಕರು ಮೊದಲು ಮನುಷ್ಯರ ಫಿಸಿಯೋಥೆರಪಿ ಪದವಿ ಪಡೆದು, ಅನಂತರ ಪ್ರಾಣಿಗಳ ವಿಷಯದಲ್ಲಿ ಉನ್ನತ ವ್ಯಾಸಂಗ ಮಾಡುತ್ತಾರೆ.

ತರಬೇತಿಯ ನಾಲ್ಕು ದಾರಿಗಳು

ಮೊದಲನೆಯದು ಪಶುವೈದ್ಯ ಪದವಿ. ಪಿ.ಯು.ಸಿ.ಯಲ್ಲಿ ವಿಜ್ಞಾನ ಓದಿದವರು ಬಿ.ವಿ.ಎಸ್ಸಿ. ಸೇರಬಹುದು. ತರಬೇತಿ ಅವಧಿಯೂ ಸೇರಿ ಇದು ಐದೂವರೆ ವರ್ಷದ ವ್ಯಾಸಂಗ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯ ಕಾಲೇಜು 1958ರಲ್ಲಿ ಆರಂಭವಾಯಿತು. ಅದು ಈಗ ಬೀದರ್‌ನ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾನಿಲಯಕ್ಕೆ ಸೇರಿದೆ. ಕೃಷಿಕರ ಮಕ್ಕಳಿಗೆ ಮೀಸಲಾದ ಸ್ಥಾನಗಳಿರುವುದನ್ನು ಪೋಷಕರು ಮರೆಯಬಾರದು. ಪದವಿಯ ನಂತರ ಶಸ್ತ್ರಚಿಕಿತ್ಸೆಯಲ್ಲಿ ಹೆಚ್ಚಿನ ವ್ಯಾಸಂಗ ಮಾಡಿ ಕುದುರೆಗಳ ಕಾಲಿನ ವಿಷಯದಲ್ಲಿ ಪರಿಣತಿ ಪಡೆಯಬಹುದು. ದಾರಿ ದೂರ, ಆದರೆ ಅತ್ಯಂತ ಭದ್ರವಾದದ್ದು ಇದೇ.

ಎರಡನೆಯದು ಎಸ್.ಎಸ್.ಎಲ್.ಸಿ. ನಂತರದ ಪಶುಸಂಗೋಪನಾ ಡಿಪ್ಲೊಮಾ. ಇದೇ ವಿಶ್ವವಿದ್ಯಾನಿಲಯದ ಪಾಲಿಟೆಕ್ನಿಕ್‌ಗಳಲ್ಲಿ ಒಂದು ತಿಪಟೂರು ತಾಲ್ಲೂಕಿನ ಕೋನೇಹಳ್ಳಿಯಲ್ಲಿದೆ. ಡಿಪ್ಲೊಮಾ ಪಡೆದವರು ಕುದುರೆ ವೈದ್ಯರ ಕೈಕೆಳಗೆ ಸೇರಿ ಅನುಭವ ಪಡೆಯಬಹುದು. ಕುದುರೆಯ ಕೆಲಸ ಒಗ್ಗದಿದ್ದರೂ ದನ ಮತ್ತು ಕುರಿಯ ಕೆಲಸಕ್ಕೆ ಈ ವಿದ್ಯೆ ಬರುತ್ತದೆ.

ಮೂರನೆಯದು ಮನುಷ್ಯರ ಫಿಸಿಯೋಥೆರಪಿ ಪದವಿ. ಸ್ನಾಯು ಮತ್ತು ಕೀಲುಗಳ ವಿದ್ಯೆ ಇದರಲ್ಲಿ ಆಳವಾಗಿ ಸಿಗುತ್ತದೆ. ಕುದುರೆಗಳ ಕಡೆಗೆ ಹೋಗಬೇಕಾದರೆ ಅದರ ಮೇಲೆ ಪ್ರಾಣಿಗಳ ಅಂಗರಚನೆ ಕಲಿತು, ಪಶುವೈದ್ಯರ ಜೊತೆಯಲ್ಲಿ ಕೆಲಸ ಮಾಡಬೇಕು.

ನಾಲ್ಕನೆಯದು ಲಾಯದ ದಾರಿ. ಕುದುರೆ ತೊಳೆಯುವ, ನಡೆಸುವ, ಮೇವು ಹಾಕುವ ಸೈಸ್ ಆಗಿ ಸೇರಿ, ಆಮೇಲೆ ಲಾಳ ಕಟ್ಟುವುದನ್ನೋ ಪಟ್ಟಿ ಕಟ್ಟುವುದನ್ನೋ ಕಲಿಯುವುದು. ಸೇನೆಯ ರಿಮೌಂಟ್ ಪಶುವೈದ್ಯ ದಳದ ಕೇಂದ್ರ ಮೀರತ್‌ನಲ್ಲಿದ್ದು, ಲಾಳ ಕಟ್ಟುವವರನ್ನೂ ಪ್ರಾಣಿಗಳ ಶುಶ್ರೂಷಕರನ್ನೂ ಅಲ್ಲಿ ತಯಾರು ಮಾಡಲಾಗುತ್ತದೆ. ಓದು ಹೆಚ್ಚು ಇಲ್ಲದವರಿಗೂ ಲಾಯದ ದಾರಿ ತೆರೆದಿದೆ. ಬೆಳಗಿನ ಜಾವ ನಾಲ್ಕಕ್ಕೆ ಏಳುವುದು, ಗೊಬ್ಬರ ಬಾಚುವುದು ಇದರ ಮೊದಲ ಪಾಠಗಳು. ಉಳಿದ ಮೂರು ದಾರಿಗಳಲ್ಲಿ ಬಂದವರೂ ಕೆಲವು ತಿಂಗಳು ಲಾಯದಲ್ಲಿ ದುಡಿಯದಿದ್ದರೆ ಅವರ ವಿದ್ಯೆ ಪೂರ್ಣವಾಗುವುದಿಲ್ಲ.

ಸಂಶೋಧನೆಯ ವಿಷಯದಲ್ಲಿ ಆಸಕ್ತಿ ಇರುವವರು ಹರಿಯಾಣದ ಹಿಸಾರ್‌ನಲ್ಲಿರುವ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರದ ಬಗ್ಗೆ ತಿಳಿದಿರಬೇಕು.

ಹಣ ಕಟ್ಟುವ ಮುನ್ನ ಕೇಳಬೇಕಾದ ಪ್ರಶ್ನೆಗಳು

ಕೆಲವೇ ದಿನಗಳಲ್ಲಿ ಕುದುರೆಯ ಅಂಗಚಿಕಿತ್ಸಕರನ್ನಾಗಿ ಮಾಡುತ್ತೇವೆ ಎಂಬ ಜಾಹೀರಾತುಗಳನ್ನು ಕಂಡು, ಹಸು ಮಾರಿಯೋ ಒಡವೆ ಅಡವಿಟ್ಟೋ ಶುಲ್ಕ ಕಟ್ಟುವ ಮೊದಲು ರೈತರು ಈ ಐದು ಪ್ರಶ್ನೆಗಳನ್ನು ಕೇಳಬೇಕು.

1. ಪಾಠ ಹೇಳುವವರಲ್ಲಿ ನೋಂದಾಯಿತ ಪಶುವೈದ್ಯರು ಇದ್ದಾರೆಯೇ?
2. ಜೀವಂತ ಕುದುರೆಗಳ ಜೊತೆ ಎಷ್ಟು ಗಂಟೆಗಳ ಕೆಲಸ ಇರುತ್ತದೆ? ಫೋನಿನಲ್ಲಿ ನೋಡಿ ಕಲಿಯುವ ಪಾಠವಷ್ಟೆಯೇ?
3. ಈ ಸರ್ಟಿಫಿಕೇಟನ್ನು ಯಾವ ವಿಶ್ವವಿದ್ಯಾನಿಲಯ ಅಥವಾ ಸರ್ಕಾರ ಮಾನ್ಯ ಮಾಡಿದೆ? ಲಿಖಿತ ದಾಖಲೆ ಇದೆಯೇ?
4. ಇಲ್ಲಿ ಕಲಿತವರು ಈಗ ಎಲ್ಲಿ ಕೆಲಸ ಮಾಡುತ್ತಿದ್ದಾರೆ? ಅವರ ಜೊತೆ ಮಾತನಾಡಬಹುದೇ?
5. ಕುದುರೆ ಒದ್ದು ಪೆಟ್ಟಾದರೆ ಚಿಕಿತ್ಸೆಯ ಖರ್ಚು ಯಾರದು?

ಈ ಪ್ರಶ್ನೆಗಳಿಗೆ ನೇರ ಉತ್ತರ ಬಾರದ ಕಡೆ ಹಣ ಕಟ್ಟದಿರುವುದು ಲೇಸು. ಕೆಲಸದ ಸ್ಥಾನಗಳು ಕಡಿಮೆ, ಅವು ನಗರಗಳಲ್ಲೇ ಇವೆ ಎಂಬುದನ್ನೂ ಮರೆಯಬಾರದು. ಕುದುರೆ ಓಟದ ಉದ್ಯಮಕ್ಕೆ ಏಳುಬೀಳುಗಳು ಹೆಚ್ಚು. ಆದ್ದರಿಂದ ಕುದುರೆಯೊಂದನ್ನೇ ನಂಬದೆ, ಎಲ್ಲ ಪ್ರಾಣಿಗಳಿಗೂ ಬರುವ ವಿದ್ಯೆಯನ್ನು ಮೊದಲು ಗಳಿಸುವುದು ಜಾಣತನ.

ಮನೆಯ ಎತ್ತಿಗೂ ಇದೇ ವಿದ್ಯೆ

ಕುದುರೆ ಇಲ್ಲದ ಹಳ್ಳಿಯಲ್ಲಿ ಈ ಮಾತುಗಳಿಂದ ಏನು ಪ್ರಯೋಜನ ಎಂದು ಕೇಳಬಹುದು. ಹಳ್ಳಿಕಾರ್ ಎತ್ತೂ ಒಂದು ಕ್ರೀಡಾಪಟುವೇ. ಕೊರಟಗೆರೆ ತಾಲ್ಲೂಕಿನ ಕ್ಯಾಮೇನಹಳ್ಳಿ ಜಾತ್ರೆಯಲ್ಲಿ ಅಥವಾ ಸಿದ್ಧಗಂಗೆಯ ದನಗಳ ಜಾತ್ರೆಯಲ್ಲಿ ಜೋಡಿ ಕೊಳ್ಳುವ ರೈತ ಮೊದಲು ನೋಡುವುದು ಕಾಲು ಮತ್ತು ನಡಿಗೆಯನ್ನೇ. ಎತ್ತಿನ ಗಾಡಿ ಓಟಕ್ಕೆ ಕರ್ನಾಟಕದ 2017ರ ತಿದ್ದುಪಡಿ ಕಾಯ್ದೆ ಅವಕಾಶ ಕೊಟ್ಟಿತು. ಮೇ 2023ರಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಾಧೀಶರ ಪೀಠ ಅದನ್ನು ಎತ್ತಿಹಿಡಿಯಿತು. ಅವಕಾಶ ಸಿಕ್ಕಿದೆ ಎಂದರೆ ಎತ್ತಿನ ಮೈಯ ಹೊಣೆಯೂ ಸಿಕ್ಕಿದೆ ಎಂದೇ ಅರ್ಥ.

ಎತ್ತಿನ ಗೊರಸು ಎರಡು ಸೀಳು, ಕುದುರೆಯದು ಒಂದೇ. ಈ ವ್ಯತ್ಯಾಸ ಬಿಟ್ಟರೆ ನೋಡುವ ಕ್ರಮ ಒಂದೇ. ದನಗಳಲ್ಲಿ ಕುಂಟಿನ ಬಹುಪಾಲು ಕಾರಣ ಗೊರಸಿನಲ್ಲೇ ಇರುತ್ತದೆ. ಆದ್ದರಿಂದ ಭುಜಕ್ಕೆ ಎಣ್ಣೆ ಉಜ್ಜುವ ಮೊದಲು ಗೊರಸು ಎತ್ತಿ ನೋಡಬೇಕು. ಎತ್ತಿನ ನಾಡಿಯನ್ನು ಬಾಲದ ಬುಡದ ಅಡಿಯಲ್ಲಿ ಬೆರಳಿಟ್ಟು ಎಣಿಸಬಹುದು. ಅದರ ಉಷ್ಣಾಂಶ ಸುಮಾರು 101.5 ಡಿಗ್ರಿ ಫ್ಯಾರನ್‌ಹೀಟ್ ಇರುತ್ತದೆ. ಗಾಡಿ ಕಟ್ಟುವ ಮುನ್ನ ಹತ್ತು ಹದಿನೈದು ನಿಮಿಷ ಬರಿಮೈಯಲ್ಲಿ ನಡೆಸಬೇಕು. ದುಡಿದು ಬಂದ ಮೇಲೂ ಹಾಗೆಯೇ ನಡೆಸಿ ಮೈ ಆರಿಸಬೇಕು. ನೊಗ ಬಿಚ್ಚಿದ ಮೇಲೆ ಹೆಗಲನ್ನು ಅಂಗೈಯಿಂದ ಸವರಬೇಕು. ಬಿಸಿ ಅಥವಾ ಊತ ಕಂಡರೆ ಮರುದಿನ ನೊಗ ಹೂಡಬಾರದು. ಹೆಗಲುಬಾವು ಬಂದ ಮೇಲೆ ಮದ್ದು ಹುಡುಕುವುದಕ್ಕಿಂತ ನೊಗದ ಒರಟು ಜಾಗವನ್ನು ಕೆತ್ತಿ ನಯ ಮಾಡುವುದು ಸುಲಭ.

ನೋವು ಕಳೆಯುವ ಸೂಜಿಮದ್ದು ಕೊಡಿಸಿ ಕುಂಟುವ ಎತ್ತನ್ನು ಓಟಕ್ಕೆ ಬಿಡುವುದು ದೊಡ್ಡ ತಪ್ಪು. ನೋವು ಎಂಬುದು ಪ್ರಾಣಿಗೆ ಪ್ರಕೃತಿ ಕೊಟ್ಟ ಕಡಿವಾಣ. ಅದನ್ನು ಕಳಚಿದರೆ ಅರ್ಧ ಹರಿದ ರಜ್ಜು ಪೂರ್ತಿ ಹರಿಯುತ್ತದೆ. ಡೈಕ್ಲೋಫೆನಾಕ್ ಎಂಬ ನೋವಿನ ಮದ್ದನ್ನು ಪಶುಗಳಿಗೆ ಬಳಸುವುದನ್ನು 2006ರಲ್ಲಿ ನಿಷೇಧಿಸಲಾಯಿತು. ಆ ಮದ್ದು ಪಡೆದು ಸತ್ತ ದನದ ಮಾಂಸ ತಿಂದ ರಣಹದ್ದುಗಳು ಸಾಯುತ್ತಿದ್ದುದೇ ಇದಕ್ಕೆ ಕಾರಣ.

ಪ್ರಾಣಿಗೆ ಪೆಟ್ಟಾದಾಗ ಹತ್ತಿರದ ಪಶು ಆಸ್ಪತ್ರೆಗೆ ತಿಳಿಸಬೇಕು. 1962 ಎಂಬ ಸಂಖ್ಯೆಗೆ ಫೋನ್ ಮಾಡಿ ಸಂಚಾರಿ ಪಶು ಚಿಕಿತ್ಸಾ ವಾಹನವನ್ನೂ ಕರೆಯಬಹುದು. ಪಶುಪಾಲನೆಯ ವಿಷಯದಲ್ಲಿ ಸಲಹೆ ಬೇಕಾದವರು ತುಮಕೂರು ತಾಲ್ಲೂಕಿನ ಹಿರೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರವನ್ನು ಕೇಳಬಹುದು.

ಮುಕ್ತಾಯ

ಕುದುರೆಯ ಅಂಗಚಿಕಿತ್ಸಕನಾಗಬೇಕೆಂಬ ಆಸೆ ಮನೆಯ ಹುಡುಗನಿಗೋ ಹುಡುಗಿಗೋ ಇದ್ದರೆ ಅದನ್ನು ನಗಬೇಡಿ. ಆದರೆ ಬೆಂಗಳೂರಿಗೆ ಕಳುಹಿಸುವ ಮೊದಲು ಒಂದು ನೋಟು ಪುಸ್ತಕ ಮತ್ತು ಒಂದು ಜ್ವರಮಾಪಕ ಕೊಡಿಸಿ. ಮನೆಯ ಎರಡು ಎತ್ತುಗಳ ಉಷ್ಣಾಂಶ, ನಾಡಿ, ಉಸಿರು, ನಾಲ್ಕು ಕಾಲುಗಳ ಕಾವು ಇವುಗಳನ್ನು ಮೂರು ತಿಂಗಳು ಬಿಡದೆ ಬರೆಯಲು ಹೇಳಿ. ಮೂರನೆಯ ವಾರಕ್ಕೆ ಪುಸ್ತಕ ಅಟ್ಟ ಸೇರಿದರೆ ಶುಲ್ಕದ ಹಣ ಉಳಿಯಿತು. ಮೂರು ತಿಂಗಳೂ ಬರೆದರೆ ಆ ಪುಸ್ತಕವನ್ನು ಹಿಡಿದುಕೊಂಡೇ ಲಾಯದ ಬಾಗಿಲಿಗಾಗಲಿ ಕಾಲೇಜಿನ ಬಾಗಿಲಿಗಾಗಲಿ ಹೋಗಬಹುದು. ಅಷ್ಟರಲ್ಲಿ ಮನೆಯ ಎತ್ತುಗಳಿಗೂ ಒಬ್ಬ ಒಳ್ಳೆಯ ಪಾಲಕ ಸಿಕ್ಕಿರುತ್ತಾನೆ.